ದಾರ ಹಿಡಿದು ಕಡಿಯಬೇಕಿದ್ದ ಬೇಲಿ

ಮೊನ್ನೆ ಹಡಗಲಿಯಲ್ಲಿ ಒಂದು ಕಟ್ಟಡದ ಹಿಂದಿನ ಗೋಡೆಗೆ ಗಿಲಾವು ಮಾಡುತ್ತಿದ್ದೆ. ಹೊರಗಡೆ ಯಾರೋ ಬೇಲಿ ಕತ್ತರಿಸಲು ಶುರು ಮಾಡಿದರು. ಕತ್ತರಿಯ ಸದ್ದು ಮೊದಲು ಕೇಳಿಸಿತು, ಆಮೇಲೆ ವಾಸನೆ ಬಂತು. ಮದರಂಗಿಯ ಹಸಿ ಕೊಂಬೆ ಕಡಿದಾಗಿನ ವಾಸನೆ ಗೊತ್ತಿದ್ದವರಿಗೆ ಗೊತ್ತು. ಒಣ ಮೇವಿನ ಮೇಲೆ ಮಳೆ ಬಿದ್ದ ಹಾಗೆ, ಅದಕ್ಕೆ ಒಂದಿಷ್ಟು ತುಕ್ಕು ಹಿಡಿದ ಕಬ್ಬಿಣ ಸೇರಿದ ಹಾಗೆ. ನನ್ನ ಕೈಯ ಕರಣಿ ಗೋಡೆಯ ಮೇಲೆ ನಿಂತುಬಿಟ್ಟಿತು. ಕಲಸಿದ ಮಾಲು ಒಣಗುತ್ತದೆ ಎಂದು ಜೊತೆಯವನು ಎರಡು ಸಲ ಹೇಳಬೇಕಾಯಿತು.

ಎರಡು ವರ್ಷದ ಹಿಂದಿನ ಮಳೆಗಾಲ ನೆನಪಾಯಿತು. ಆ ಮಳೆಗಾಲದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಯಾರ ಮೇಲಿನ ಸಿಟ್ಟು ಎಂದು ಆಗ ಕೇಳಿದ್ದರೆ ಒಂದು ಪಟ್ಟಿಯನ್ನೇ ಹೇಳುತ್ತಿದ್ದೆ. ಈಗ ಆ ಪಟ್ಟಿ ಬಹಳ ಸಣ್ಣದಾಗಿದೆ.

ನಾನು ಗೌಂಡಿ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಮಾಲು ಹೊರಲು ಹೋದವನು, ಹದಿನೆಂಟಕ್ಕೆಲ್ಲ ಕರಣಿ ಹಿಡಿದೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಾನು ಕಟ್ಟಿದ ಗೋಡೆಗಳಿವೆ. ಯಾವುದಕ್ಕಾದರೂ ತೂಗುಗುಂಡು ಇಳಿಬಿಟ್ಟು ನೋಡಿ, ಒಂದು ನೂಲು ಆಚೆ ಈಚೆ ಇದ್ದರೆ ಆ ಗೋಡೆ ನನ್ನದಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹೇಳದೆ ಹೋದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ತಂಬ್ರಹಳ್ಳಿಯಲ್ಲಿ ನಮ್ಮ ಮನೆ ಓಣಿಯ ತುದಿಗಿದೆ, ಡಾಂಬರು ರಸ್ತೆ ತಿರುಗುವ ಮೂಲೆಯಲ್ಲಿ. ಊರಿಗೆಲ್ಲ ಕಾಂಪೌಂಡು ಕಟ್ಟುವವನ ಮನೆಗೆ ಕಾಂಪೌಂಡಿಲ್ಲ, ಮದರಂಗಿ ಬೇಲಿ. ನಗುವವರು ನಕ್ಕರು. ಮನೆ ಕಟ್ಟಿದ ವರ್ಷ ನಾನೇ ನೆಲಕ್ಕೆ ದಾರ ಹಿಡಿದು, ಗೇಣಿಗೊಂದರಂತೆ ಕಡ್ಡಿ ಚುಚ್ಚಿದ್ದೆ. ಹತ್ತು ಹನ್ನೆರಡು ವರ್ಷ ಅದನ್ನು ಸೊಂಟದ ಮಟ್ಟಕ್ಕೆ ಕತ್ತರಿಸಿ ಇಟ್ಟುಕೊಂಡು ಬಂದೆ. ದಾರಿಯಲ್ಲಿ ಹೋಗುವವರು ಇದೇನು ಗೋಡೆಗೆ ಹಸಿರು ಬಣ್ಣ ಬಳಿದೀಯೇನೋ ಎನ್ನುತ್ತಿದ್ದರು. ಆಮೇಲೆ ಎರಡು ವರ್ಷ ನನಗೆ ಹೊರಗಿನ ಕೆಲಸವೇ ಕೆಲಸ. ಬೇಲಿ ತಲೆಯೆತ್ತಿತು. ಆ ಬೇಸಿಗೆ ಮುಗಿಯುವಷ್ಟರಲ್ಲಿ ನನ್ನ ತಲೆಗಿಂತ ಎರಡು ಮೊಳ ಎತ್ತರ ಬೆಳೆದು, ಅಗಲವಾಗಿ ರಸ್ತೆಯ ಮೇಲೂ ಬಿದ್ದಿತ್ತು. ಮದರಂಗಿಯನ್ನು ಮೆತ್ತಗಿನ ಗಿಡ ಎಂದುಕೊಳ್ಳುತ್ತಾರೆ. ಹಳೆಯದಾದರೆ ಅದರ ಕೊಂಬೆಯ ತುದಿ ಮುಳ್ಳಾಗುತ್ತದೆ, ಅಂಗಿ ಹಿಡಿದು ಎಳೆಯುತ್ತದೆ. ರಸ್ತೆಯ ಮಗ್ಗುಲಲ್ಲಿ ನಡೆಯುವವರು ಆ ಮುಳ್ಳಿಗೆ ಹೆದರಿ ಡಾಂಬರಿನ ಮೇಲೆ ಇಳಿದು ನಡೆಯತೊಡಗಿದರು. ಅದೇ ವರ್ಷ ರಸ್ತೆಗೆ ಹೊಸ ಡಾಂಬರು ಬಿದ್ದಿತ್ತು. ಗಾಡಿಗಳು ಬಾಣದ ಹಾಗೆ ಬರುತ್ತಿದ್ದವು. ತಿರುವಿನ ಈಚೆ ಇದ್ದವರಿಗೆ ಆಚೆ ಬರುವುದು ಕಾಣುತ್ತಿರಲಿಲ್ಲ.

ಇದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ದುರುಗಕ್ಕ. ನಮ್ಮ ಹಿಂದಿನ ಮನೆಯವಳು, ಅರವತ್ತರ ಮೇಲೆ ವಯಸ್ಸು, ಗಂಡ ತೀರಿ ಬಹಳ ವರ್ಷವಾಗಿದೆ. ನಾಲ್ಕು ಆಡು ಸಾಕಿಕೊಂಡು, ಯಾರ ಮುಂದೆಯೂ ಕೈಯೊಡ್ಡದೆ ಬದುಕುವವಳು. ದಿನಾ ಬೆಳಿಗ್ಗೆ ಸಂಜೆ ಆಡು ಹೊಡೆದುಕೊಂಡು ಅದೇ ಮೂಲೆ ದಾಟಬೇಕು. ಕಾರ ಹುಣ್ಣಿಮೆಯ ಆಸುಪಾಸಿನಲ್ಲಿ ಒಂದು ಟ್ರ್ಯಾಕ್ಟರು ಅವಳ ಆಡುಗಳ ಮೂತಿಯ ಮುಂದೆ ಬಂದು ನಿಂತಿತ್ತಂತೆ. ನಾನು ಸಂಜೆ ಬಂದಾಗ ನಮ್ಮ ಮನೆಯ ಕಟ್ಟೆಯ ಮೇಲೆ ಕಾದು ಕೂತಿದ್ದಳು.

ಬೇಲಿ ಕಡಿ ಎಂದಳು. ಅಮಾವಾಸ್ಯೆಗೆ ಕಡಿಯುತ್ತೇನೆ ಎಂದೆ. ನಮ್ಮ ಕಡೆ ಗೌಂಡಿಗಳಿಗೆ ಅಮಾವಾಸ್ಯೆಯೇ ರಜೆ, ಅವತ್ತು ಯಾರೂ ಕರಣಿ ಮುಟ್ಟುವುದಿಲ್ಲ. ಉಳಿದ ದಿನ ಬೆಳಕು ಹರಿಯುವುದರೊಳಗೆ ಮನೆ ಬಿಟ್ಟರೆ ಬರುವಾಗ ಕತ್ತಲು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಕುಡುಗೋಲು ಮಸೆದುಕೊಂಡು ಅಂಗಳಕ್ಕೆ ಹೊರಟೆ. ನನ್ನ ಹೆಂಡತಿ ಹುಲಿಗೆಮ್ಮ ಬಾಗಿಲಲ್ಲಿ ಅಡ್ಡ ನಿಂತಳು. ಅಮಾವಾಸ್ಯೆಯ ದಿನ ಹಸಿ ಗಿಡಕ್ಕೆ ಕಬ್ಬಿಣ ಹಚ್ಚಬಾರದಂತೆ. ಮತ್ತೆ ನನಗೆ ಯಾವ ದಿನ ಬಿಡುವಿದೆ ಎಂದು ಕೇಳಿದೆ. ಅದಕ್ಕೆ ಅವಳು ಇನ್ನೊಂದು ಕಾರಣ ಕೊಟ್ಟಳು. ನಾಳೆಯಿಂದ ಆಷಾಢ, ಮದುವೆಯಾದ ಹೊಸ ಹುಡುಗಿಯರು ತವರಿಗೆ ಬರುತ್ತಾರೆ, ಓಣಿಯವರೆಲ್ಲ ಕೈಗೆ ಹಚ್ಚಿಕೊಳ್ಳಲು ನಮ್ಮ ಬೇಲಿಯ ಎಲೆಗೇ ಬರುತ್ತಾರೆ, ಎಲ್ಲರಿಗೂ ಮಾತು ಕೊಟ್ಟಾಗಿದೆ.

"ಊರಾಗ ಯಾರ ಮನಿ ಎಲಿನೂ ನಮ್ಮಷ್ಟು ಕೆಂಪ ಹತ್ತಂಗಿಲ್ಲ. ಒಂದು ತಿಂಗಳು ತಡಕೊಳ್ರಿ, ನಿಮ್ಮ ಬೇಲಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಓಡಿ ಹೋಗಲಿಲ್ಲ, ನಿಜ. ಇನ್ನಷ್ಟು ಬೆಳೆಯಿತು. ಆ ವರ್ಷ ಆರಿದ್ರಾ ಮಳೆ ಹದವಾಗಿ ಬಿತ್ತು. ಜನರೆಲ್ಲ ಜೋಳ, ಮೆಕ್ಕೆಜೋಳ ಎಂದು ಹಿಗ್ಗುತ್ತಿದ್ದರೆ ನಾನು ಬೇಲಿ ನೋಡಿ ಹಲ್ಲು ಕಡಿಯುತ್ತಿದ್ದೆ. ವಾರಕ್ಕೆ ಗೇಣುದ್ದದ ಚಿಗುರು. ಹೆಂಗಸರು ಬರುತ್ತಿದ್ದರು, ಉಡಿಯಲ್ಲಿ ಎಲೆ ತುಂಬಿಕೊಂಡು ಹೋಗುತ್ತಿದ್ದರು. ಅವರು ಕೀಳುವುದು ಕೈಗೆ ಎಟುಕುವ ಎಳೆ ಎಲೆ ಮಾತ್ರ. ಕೆಳಗೆ ಬೋಳು, ಮೇಲೆ ಜೊಂಪೆ. ನನ್ನ ಬೇಲಿ ಕೊಡೆ ಹಿಡಿದುಕೊಂಡು ನಿಂತ ಬಡಕಲು ಮನುಷ್ಯರ ಸಾಲಿನಂತೆ ಕಾಣುತ್ತಿತ್ತು. ಹರಪನಹಳ್ಳಿಯಲ್ಲಿ ಯಾರದೋ ಮನೆಯ ಗೋಡೆಯನ್ನು ತೂಗುಗುಂಡಿಗೆ ಹಿಡಿದು ನೆಟ್ಟಗೆ ಮಾಡಿ ಬಂದು, ಸಂಜೆ ಇದನ್ನು ನೋಡಬೇಕಿತ್ತು.

ಆಗ ಕೊಟ್ರೇಶ ಬಂದ. ನಮ್ಮೂರ ನೀರಗಂಟಿ, ಓಣಿ ಓಣಿಗೆ ನೀರು ಬಿಡುವವನು, ನನ್ನ ಓರಗೆಯವನು. ಅವನ ಪರಿಚಯದವರ ಹತ್ತಿರ ಕೊಂಬೆ ಕತ್ತರಿಸುವ ಮಶೀನು ಇತ್ತಂತೆ. ಹತ್ತು ನಿಮಿಷದ ಕೆಲಸ ಎಂದ. ಹೆಂಗಸರಿಗೆ ಬೇಕಾದ ಎಲೆ ಒಳಗಡೆ ಇರಲಿ, ಮೂಲೆಯ ನಾಲ್ಕು ಗಿಡ ಮಾತ್ರ ಹಾರಿಸಿಬಿಡೋಣ, ರಸ್ತೆ ಕಂಡರೆ ಸಾಕು.

ನಾನು ಬೇಡ ಎಂದೆ. ಮಶೀನು ಕೊಂಬೆಯನ್ನು ಕತ್ತರಿಸುವುದಿಲ್ಲ, ಸೀಳುತ್ತದೆ. ಮೂಲೆ ಒಂದನ್ನು ತೆಗೆದು ಉಳಿದದ್ದನ್ನು ಬಿಟ್ಟರೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಊರವರೆಲ್ಲ ನೋಡುವ ಮೂಲೆ ಅದು, ಗೌಂಡಿಯ ಮನೆ. ಕಡಿದರೆ ಈ ತುದಿಯಿಂದ ಆ ತುದಿಗೆ ದಾರ ಹಿಡಿದು, ರಸಮಟ್ಟ ಇಟ್ಟು, ಒಂದೇ ದಿನ ಒಂದೇ ಸಮ ಕಡಿಯಬೇಕು.

"ಲೇ ಮರಿಯಪ್ಪ, ಅದೇನು ದೇವಸ್ಥಾನದ ಗ್ವಾಡಿ ಏನಲೇ? ಬೇಲಿ ಅದು," ಎಂದ ಕೊಟ್ರೇಶ.

"ಅರ್ಧಮರ್ಧ ಕೆಲಸ ನನ್ನ ಕೈಲಿ ಆಗಂಗಿಲ್ಲ. ನಾ ಹಚ್ಚಿದ್ದು, ನಾನ ಕಡಿತೀನಿ," ಎಂದೆ.

ಅವನು ನಕ್ಕು ನೀರು ಬಿಡುವ ಉದ್ದ ಕೀಲಿ ಹೆಗಲಿಗೇರಿಸಿಕೊಂಡು ಹೋದ. ಆಗ ನನಗೆ ಗೆದ್ದಂತೆ ಅನ್ನಿಸಿತ್ತು.

ಇದಾಗಿ ವಾರ ಕಳೆದಿರಲಿಕ್ಕಿಲ್ಲ. ಒಂದು ಬೆಳಿಗ್ಗೆ ಬೈಕು ಹೊರಗೆ ತೆಗೆಯುವಾಗ ಮೂಲೆಯಲ್ಲಿ ಕಚಕಚ ಸದ್ದು. ಹೋಗಿ ನೋಡಿದರೆ ದುರುಗಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಲ್ಲು ಕೊಯ್ಯುವ ಕುಡುಗೋಲಿನಿಂದ ನನ್ನ ಬೇಲಿಯ ಮೂಲೆ ಕೊಯ್ಯುತ್ತಿದ್ದಾಳೆ. ನಾಲ್ಕೈದು ಕೊಂಬೆ ನೆಲಕ್ಕೆ ಬಿದ್ದಿದ್ದವು. ಕಡಿದ ಕಡೆ ಆಡು ಬಾಯಿ ಹಾಕಿದಂತೆ ತೂತಾಗಿತ್ತು. ಆ ತೂತಿನಿಂದ ರಸ್ತೆಯ ಆಚೆ ಬದಿ ಕಾಣುತ್ತಿತ್ತು. ಅದು ನನಗೆ ಆಗ ಕಾಣಲಿಲ್ಲ, ತೂತು ಮಾತ್ರ ಕಂಡಿತು.

ನಾನು ಆಡಬಾರದ ಮಾತಾಡಿದೆ. ಒಂದೊಂದೂ ನೆನಪಿದೆ, ಬರೆಯುವುದಿಲ್ಲ. ಕೊನೆಗೆ, ನಿನ್ನ ನಾಲ್ಕು ಆಡಿನ ಸಲುವಾಗಿ ನನ್ನ ಬೇಲಿ ಹಾಳು ಮಾಡುತ್ತೀಯಾ, ಈ ಬೇಲಿ ನನ್ನದು ಎಂದೆ.

ಅವಳು ಕುಡುಗೋಲನ್ನು ಸೆರಗಿನಿಂದ ಒರೆಸಿಕೊಂಡಳು.

"ಬೇಲಿ ನಿಂದ ಐತಿ ತಮ್ಮ. ರಸ್ತಾ ಎಲ್ಲಾರದು," ಎಂದು ಹೇಳಿ ಆಡು ಹೊಡೆದುಕೊಂಡು ಹೋದಳು.

ಆಮೇಲೆ ಅವಳು ನನ್ನ ಸಂಗಡ ಮಾತು ಬಿಟ್ಟಳು. ನಾನೂ ಬಿಟ್ಟೆ. ತೂತು ಹದಿನೈದು ದಿನದಲ್ಲಿ ತುಂಬಿಕೊಂಡಿತು.

ಆಷಾಢ ಮುಗಿಯುತ್ತ ಬಂತು. ಮುಂದಿನ ನಾಗರ ಅಮಾವಾಸ್ಯೆಗೆ ಯಾರು ಏನೇ ಹೇಳಲಿ ಕಡಿದೇ ಕಡಿಯುವುದು ಎಂದು ತೀರ್ಮಾನ ಮಾಡಿದೆ. ಕೊಟ್ಟೂರಿಗೆ ಹೋಗಿ ಉದ್ದ ಹಿಡಿಕೆಯ ಹೊಸ ಕತ್ತರಿ ತಂದೆ. ಹಿಂದಿನ ಸಂಜೆಯೇ ಎರಡೂ ತುದಿಗೆ ಒಂದೊಂದು, ಮೂಲೆಗೆ ಒಂದು, ಹೀಗೆ ಗೂಟ ಹುಗಿದು, ಸೊಂಟದ ಮಟ್ಟಕ್ಕೆ ಬಿಳಿ ದಾರ ಎಳೆದೆ. ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ನಡುಮಧ್ಯೆ ನಿಂತಿತ್ತು. ಆ ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಹುಲಿಗೆಮ್ಮ ಅಂಗಳ ಗುಡಿಸಲು ಹೋದವಳು ಅಲ್ಲಿಂದಲೇ ಕೂಗಿದಳು. ಬೇಲಿಯ ಬುಡದಲ್ಲಿ ಹಾವಿನ ಪೊರೆ ಬಿದ್ದಿತ್ತು. ಮಾರುದ್ದ ಇತ್ತು, ಹೆಡೆಯ ಗುರುತೂ ಇತ್ತು. ಅರ್ಧ ಗಂಟೆಯಲ್ಲಿ ಓಣಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿದ್ದರು. ಪಂಚಮಿ ಇನ್ನು ಐದು ದಿನ ಇರುವಾಗ ನಾಗಪ್ಪ ತಾನಾಗಿ ಬಂದು ಗುರುತು ಕೊಟ್ಟಿದ್ದಾನೆ, ಅವನಿರುವ ಕಡೆ ಕತ್ತರಿ ಆಡಿಸುವುದೇ? ಒಬ್ಬಳು ಆಗಲೇ ಅರಿಶಿಣ ತಂದಿದ್ದಳು.

ಅದು ಹಾವಲ್ಲ, ಪೊರೆ, ಎಂದೋ ಬಿಟ್ಟು ಹೋದದ್ದು ಎಂದು ನಾನು ವಾದ ಮಾಡಿದೆ. ನನ್ನ ಮಾತು ಯಾರಿಗೆ ಬೇಕಿತ್ತು. ಆರನೇ ಇಯತ್ತೆಯವನ ಮಾತು ಗೋಡೆಯ ವಿಷಯಕ್ಕಾದರೆ ಕೇಳುತ್ತಾರೆ, ದೇವರ ವಿಷಯಕ್ಕೆ ಕೇಳುವುದಿಲ್ಲ. ಹುಲಿಗೆಮ್ಮ ಕೈ ಮುಗಿದಳು. ಮಕ್ಕಳಿರುವ ಮನಿ ಎಂದಳು. ಆ ಮಾತಿಗೆ ನಾನು ಸೋತೆ. ಕತ್ತರಿಯನ್ನು ಎಣ್ಣೆ ಹಚ್ಚಿ ಅಟ್ಟದ ಮೇಲಿಟ್ಟೆ. ದಾರ ಮಾತ್ರ ಬಿಚ್ಚಲಿಲ್ಲ. ಪಂಚಮಿ ದಾಟಿದ ಮರುದಿನ ಕಡಿಯುವವನೇ ಎಂಬ ಹಟಕ್ಕೆ ಬಿಟ್ಟೆ.

ಆ ಜನರೊಳಗೆ ದುರುಗಕ್ಕ ಇರಲಿಲ್ಲ. ಹುಲಿಗೆಮ್ಮ ಹೋಗಿ ಕರೆದಿದ್ದಳಂತೆ. ನಾಗಪ್ಪಗ ಟ್ರ್ಯಾಕ್ಟರು ಬಡಿಯಂಗಿಲ್ಲವ್ವ, ನನಗ ಬಡಿತೈತಿ ಎಂದಳಂತೆ.

ಪಂಚಮಿಯ ದಿನ ಬೇಲಿಯ ಬುಡಕ್ಕೆ ಹಾಲು ಸುರಿದರು, ಜೋಳದ ಅಳ್ಳು ಚೆಲ್ಲಿದರು, ಕೊಂಬೆಗೆ ನೂಲು ಸುತ್ತಿದರು. ಅವತ್ತು ಕುಡುಗೋಲು ಮುಟ್ಟುವುದಿರಲಿ, ಮನೆಯಲ್ಲಿ ತರಕಾರಿ ಸಹ ಹೆಚ್ಚುವುದಿಲ್ಲ. ಮರುದಿನಕ್ಕೆ ಸರಿಯಾಗಿ ಹಡಗಲಿಯಿಂದ ಕರೆ ಬಂತು. ಸೆಂಟ್ರಿಂಗ್ ಆಗಿದೆ, ಸ್ಲ್ಯಾಬ್ ಹಾಕಬೇಕು, ಮಳೆ ಬಿಡುವು ಕೊಟ್ಟಿದೆ, ಈಗಲೇ ಬಾ. ಹೋದೆ. ಸ್ಲ್ಯಾಬ್ ಆದ ಮೇಲೆ ಅದರ ಮುಂದಿನ ಕೆಲಸ ನಾಲ್ಕು ದಿನ. ದಿನಾ ಬೆಳಿಗ್ಗೆ ಹೋಗುವಾಗ ದಾರ ನೋಡುತ್ತಿದ್ದೆ. ಮಳೆಗೆ ನೆನೆದು ಜೋತು ಬಿದ್ದಿತ್ತು. ಸಂಜೆ ಬಿಗಿ ಮಾಡಿ ಕಟ್ಟುತ್ತಿದ್ದೆ. ಬೇಲಿ ಕಡಿಯಲು ಹೊತ್ತಿಲ್ಲದವನಿಗೆ ದಾರ ಬಿಗಿಯಲು ಹೊತ್ತಿತ್ತು. ಇದನ್ನು ಈಗ ಹೇಳಿಕೊಳ್ಳುವಾಗ ನಾಚಿಕೆಯಾಗುತ್ತದೆ.

ಐದನೆಯ ದಿನ. ಜಿಟಿ ಜಿಟಿ ಮಳೆ, ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ನಾನು ಜೋರಾಗಿ ಬಂದಿರಲಿಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ, ಹೆಂಡತಿಗೆ, ಕೊಟ್ರೇಶನಿಗೆ, ನನಗೇ. ಜೋರಾಗಿಯೇ ಬಂದಿದ್ದೆ. ಮನೆ ಹತ್ತಿರವಾದರೆ ದಣಿದ ಎತ್ತೂ ಓಡುತ್ತದೆ. ದಿನಾ ತಿರುಗಿಸುವ ಮೂಲೆ, ಕಣ್ಣು ಮುಚ್ಚಿದರೂ ಬೈಕು ತಾನೇ ತಿರುಗುತ್ತದೆ ಎಂಬ ಸೊಕ್ಕು. ಬೇಲಿ ದಾಟಿದ್ದೇ ತಡ, ಎದುರಿಗೆ ಆಡು. ಆಡಿನ ಹಗ್ಗ ಹಿಡಿದು ಎಳೆಯುತ್ತ ದುರುಗಕ್ಕ, ಡಾಂಬರಿನ ಮೇಲೆ. ಮಗ್ಗುಲಿಗೆ ಸರಿಯಲು ಅವಳಿಗೆ ಜಾಗವಿರಲಿಲ್ಲ, ಅಲ್ಲಿ ನನ್ನ ಬೇಲಿ ಇತ್ತು. ಬ್ರೇಕು ಹಿಡಿದೆ, ಬೈಕು ಜಾರಿತು.

ಎದ್ದು ನೋಡಿದಾಗ ಅವಳು ಬೇಲಿಗೆ ಒರಗಿ ಬಿದ್ದಿದ್ದಳು. ಬೀಳುವಾಗ ಆಸರೆಗೆ ಹಿಡಿದದ್ದು ನನ್ನ ದಾರ. ಗೂಟ ಕಿತ್ತು ಬಂದು ದಾರ ಅವಳ ಕೈಗೆ ಸುತ್ತಿಕೊಂಡಿತ್ತು. ಎಡಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ಮಡಚಿತ್ತು. ನಾನು ಯಕ್ಕ, ಯಕ್ಕ ಎನ್ನುತ್ತಿದ್ದೆ. ಅವಳು ಹಲ್ಲು ಕಚ್ಚಿಕೊಂಡು ಒಂದೇ ಮಾತು ಹೇಳಿದಳು.

"ಆಡು ಹಿಡಕೊ. ರಸ್ತಾಕ ಹೊಂಟಾವು."

ಒಂದು ತಿಂಗಳ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು.

ಕೊಟ್ರೇಶ ಆಟೋ ತಂದ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವನು ಮಶೀನಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಅಲ್ಲಿ ಡಾಕ್ಟರು ಹೇಗೆ ಆಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ದುರುಗಕ್ಕ, ಆಡು ಎಳೀತರಿ, ಬಿದ್ದೆ ಎಂದಳು. ಡಾಕ್ಟರು ನನ್ನ ತರಚಿದ ಮೊಣಕೈ ನೋಡಿದರು, ಮುಖ ನೋಡಿದರು. ಬೈಕಿನ ಕೀಲಿ ನನ್ನ ಕೈಯಲ್ಲೇ ಇತ್ತು. ಅಲ್ಲರಿ, ನಾನೇ ಗುದ್ದಿದೆ ಎನ್ನಬೇಕಿತ್ತು. ಯಾರ ಹಂಗೂ ಬೇಡ ಎಂದು ಇಷ್ಟು ವರ್ಷ ದುಡಿದವನು ಅವತ್ತು ಆ ಹೆಂಗಸು ಕೊಟ್ಟ ಸುಳ್ಳನ್ನು ಕೈಯೊಡ್ಡಿ ಇಸಿದುಕೊಂಡು ಸುಮ್ಮನೆ ನಿಂತೆ.

ಮರುದಿನ ಬೆಳಕು ಹರಿಯುವ ಮೊದಲೇ ಅಟ್ಟದ ಮೇಲಿನ ಕತ್ತರಿ ಇಳಿಸಿದೆ. ಕೊಂಬೆಗಳು ಕತ್ತರಿಗೆ ದಪ್ಪವಾಗಿದ್ದವು. ಅದನ್ನು ಬಿಸಾಕಿ ಕೊಡಲಿ ತಂದೆ. ಅವತ್ತು ಸೋಮವಾರ, ಅದೂ ಶ್ರಾವಣದ್ದು. ಯಾವ ವಾರ, ಯಾವ ತಿಥಿ ಎಂದು ಯಾರೂ ಹೇಳಲು ಬರಲಿಲ್ಲ. ಹಾಲು ಸುರಿದ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಮೂಲೆಯಿಂದ ಶುರು ಮಾಡಿದೆ. ದಾರವಿಲ್ಲ, ಮಟ್ಟವಿಲ್ಲ, ಕೊಡಲಿ ಬಿದ್ದ ಕಡೆ ಬಿತ್ತು. ಕೈ ಕಾಲೆಲ್ಲ ಮುಳ್ಳು ಗೀರಿತು. ಕಡಿದಷ್ಟೂ ಆ ವಾಸನೆ ಮೂಗಿಗೆ, ಗಂಟಲಿಗೆ ತುಂಬಿಕೊಳ್ಳುತ್ತಿತ್ತು. ಬುಡದಲ್ಲಿ ಹಾವು ಇರಲಿಲ್ಲ. ಒಂದು ಹಳೆಯ ಚಪ್ಪಲಿ, ಬಳೆ ಚೂರು, ಹಾಲಿನ ಪ್ಯಾಕೆಟ್ಟು, ಮತ್ತು ದುರುಗಕ್ಕ ಅವತ್ತು ಕೊಯ್ದಿದ್ದ ನಾಲ್ಕೈದು ಕೊಂಬೆ, ಒಣಗಿ ಕಡ್ಡಿಯಾಗಿ ಬಿದ್ದಿದ್ದವು.

ಹುಲಿಗೆಮ್ಮ ಬಂದು ಕಡಿದ ಕೊಂಬೆಗಳನ್ನು ಎಳೆದು ರಾಶಿ ಹಾಕತೊಡಗಿದಳು. ಮೂಲೆಯ ಗಿಡಗಳನ್ನು ಮೊಣಕಾಲಿನ ಮಟ್ಟಕ್ಕೆ ತೆಗೆಯಲು ನನಗೆ ಹಿಡಿದದ್ದು ಎಷ್ಟು ಹೊತ್ತು? ಒಂದು ಚಹಾ ಕಾಯುವಷ್ಟು. ಎರಡು ತಿಂಗಳು ಆಗದ ಕೆಲಸ. ತಲೆಯೆತ್ತಿ ನೋಡಿದರೆ ರಸ್ತೆ ಆಚೆ ಮರದವರೆಗೂ ಕಾಣುತ್ತಿತ್ತು. ನಾನು ಅಲ್ಲೇ ಕೂತುಬಿಟ್ಟೆ.

ದುರುಗಕ್ಕನ ಕಾಲಿಗೆ ರಾಡು ಹಾಕಿದರು. ಉಜ್ಜಿನಿಯಿಂದ ಮಗಳು ಬಂದು ನೋಡಿಕೊಂಡಳು. ಆ ಹುಡುಗಿ ನನ್ನ ಕಡೆ ಮುಖವೆತ್ತಿ ನೋಡಲಿಲ್ಲ, ಅವಳ ತಪ್ಪಲ್ಲ. ನಾಲ್ಕು ಆಡು ನಮ್ಮ ಅಂಗಳಕ್ಕೆ ಬಂದವು. ಬೆಳಿಗ್ಗೆ ಹುಲಿಗೆಮ್ಮ, ಸಂಜೆ ನಾನು ಮೇಯಿಸಿದೆವು. ಗೌಂಡಿ ಆಡು ಕಾಯುತ್ತಾನೆ ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ.

ಬನ್ನಿ ಹಬ್ಬದ ಹೊತ್ತಿಗೆ ಅವಳು ಕೋಲು ಊರಿಕೊಂಡು ನಡೆಯತೊಡಗಿದಳು. ದೀಪಾವಳಿಗೆ ಬಂದು ತನ್ನ ಆಡು ತಾನೇ ಬಿಚ್ಚಿಕೊಂಡು ಹೋದಳು. ಮೊದಲಿನ ಹಾಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೂಲೆ ದಾಟುತ್ತಾಳೆ, ಒಂದು ಕಾಲು ಎಳೆಯುತ್ತ. ಬೇಲಿ ಮತ್ತೆ ಚಿಗುರಿತು. ಮದರಂಗಿಯ ಗುಣವೇ ಅದು, ಎಷ್ಟು ಕಡಿದರೂ ಬರುತ್ತದೆ. ಈಗ ಅದು ಮೊಣಕಾಲು ದಾಟಿದರೆ ಸಾಕು, ಯಾವ ದಿನವಿರಲಿ ಕಡಿಯುತ್ತೇನೆ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ದಾರ ಹಿಡಿದು ನೋಡಿದವರು ನಗಬಹುದು.

ಆದರೆ ದುರುಗಕ್ಕ ಮೂಲೆಗೆ ಬಂದ ಕೂಡಲೇ ನಿಲ್ಲುತ್ತಾಳೆ. ನನ್ನ ಕಟ್ಟೆಯ ಕಲ್ಲಿಗೆ ಕೋಲಿನಿಂದ ಟಕ್ ಟಕ್ ಎಂದು ಎರಡು ಸಲ ಬಡಿಯುತ್ತಾಳೆ. ಆಮೇಲೆ ದಾಟುತ್ತಾಳೆ. ದಿನಾ. ನಾನು ಒಳಗೆ ಊಟಕ್ಕೆ ಕೂತಿದ್ದರೂ ಆ ಸದ್ದಿಗೆ ಕೈ ನಿಲ್ಲುತ್ತದೆ.

ಹೋದ ಬೇಸಿಗೆಯಲ್ಲಿ ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದೆ. ನನ್ನ ಎದುರಿಗೇ ಬಂದು ನಿಂತು ಬಡಿದಳು. ತಡೆಯಲಾಗದೆ ಕೇಳಿದೆ.

"ಯಕ್ಕ, ಈಗ ಬೇಲಿ ಅಡ್ಡ ಇಲ್ಲ ಏನಿಲ್ಲ, ರಸ್ತಾ ಎಲ್ಲಾ ಕಾಣತೈತಿ. ಇನ್ನ ಯಾಕ ಬಡಿತಿ?"

ಅವಳು ಆಡುಗಳನ್ನು ಮುಂದೆ ಬಿಟ್ಟು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ.

"ನನಗ ಕಾಣತೈತಿ ತಮ್ಮ," ಎಂದಳು. "ನಿನಗ ಕಾಣತೈತೋ ಇಲ್ಲೋ ಅಂತ ಬಡಿತೀನಿ."